ಮೋವರ್ ತಗೊಳ್ಳೋ ಮುಂಚೆ ನಿಮ್ಮ ಜಾಗ ನೋಡ್ಕೊಳ್ಳಿ
ಗಾರ್ಡನ್ ಟೂಲ್ಸ್ ಅಂದ ತಕ್ಷಣ ಎಲ್ರೂ ಮೋವರ್ (ಹುಲ್ಲು ಕತ್ತರಿಸೋ ಮಷಿನ್) ಕಡೆಗೇ ಓಡ್ತಾರೆ, ಆದ್ರೆ ಅದಕ್ಕಿಂತ ಮುಂಚೆ ಲಾನ್ ಎಷ್ಟು ದೊಡ್ಡದು, ಇಳಿಜಾರು ಇದ್ಯಾ, ಮಧ್ಯೆ ಮರಗಳು ಎಷ್ಟಿವೆ ಅಂತ ಒಂದ್ಸಲ ನಡೆದು ನೋಡಿ. ಚಿಕ್ಕದು, ಸಮತಟ್ಟು ಅಂದ್ರೆ ಕೈಯಲ್ಲಿ ತಳ್ಳೋ ರೀಲ್ ಮೋವರ್ ಸಾಕು, ಕತ್ತರಿ ಥರಾನೇ ನೀಟಾಗಿ ಕಟ್ ಮಾಡತ್ತೆ, ಪೆಟ್ರೋಲೂ ಬೇಡ ಗಲಾಟೆನೂ ಇಲ್ಲ, ಆದ್ರೆ ಹುಲ್ಲು ಉದ್ದ ಬೆಳೆಯೋಕೆ ಬಿಟ್ರೋ ಮುಂದಕ್ಕೇ ಹೋಗಲ್ಲ. ಮಧ್ಯಮ ಸೈಜಿಗೆ ಬ್ಯಾಟರಿದು ಒಳ್ಳೇದು (ವೈರ್ ಇರೋದೂ ಸಿಗತ್ತೆ, ಮರಗಳ ಸುತ್ತ ಆ ವೈರ್ ಎಳ್ಕೊಂಡು ಓಡಾಡೋದು ದೊಡ್ಡ ತಲೆನೋವು). ತುಂಬಾ ದೊಡ್ಡ ಜಾಗಕ್ಕೆ ಪೆಟ್ರೋಲ್. ಯಾವ್ದೇ ಆಗ್ಲಿ ಎತ್ತರ ಅಡ್ಜಸ್ಟ್ ಆಗ್ಬೇಕು, ಯಾಕಂದ್ರೆ ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸ್ಬಾರ್ದು.

ಗಿಡ ಕತ್ತರಿಸೋ ಕತ್ತರಿ ವಿಷ್ಯದಲ್ಲಿ ಮಾತ್ರ ಜಿಪುಣತನ ಬೇಡ. ಹಸಿ ಕೊಂಬೆಗೆ ಬೈಪಾಸ್ ಟೈಪೇ (ಎರಡು ಬ್ಲೇಡು ಒಂದರ ಪಕ್ಕ ಒಂದು ಜಾರಿ ಹೋಗೋದು) ಬೇಕು, ಆನ್ವಿಲ್ ಟೈಪು (ಒಂದೇ ಬ್ಲೇಡು ಚಪ್ಪಟೆ ತಟ್ಟೆ ಮೇಲೆ ಒತ್ತೋದು) ಹಸೀದನ್ನ ಜಜ್ಜಿಬಿಡತ್ತೆ, ಅದು ಒಣಗಿದ್ದಕ್ಕೆ ಸರಿ. ಬೆರಳಿಗಿಂತ ದಪ್ಪ ಇದ್ರೆ ಲಾಪರ್ (ಉದ್ದ ಹಿಡಿ ಇರೋ ದೊಡ್ಡ ಕತ್ತರಿ), ಇನ್ನೂ ದಪ್ಪ ಆದ್ರೆ ಗರಗಸ. ಸಲಿಕೆ, ರೇಕ್ ಎಲ್ಲಾ ಕೈಯಲ್ಲಿ ಹಿಡಿದು ನೋಡೇ ತಗೊಳ್ಳಿ, ಹಿಡಿ ಗಿಡ್ಡ ಇದ್ರೆ ಸೊಂಟ ಹೋಗತ್ತೆ. ವರ್ಷಕ್ಕೊಂದ್ಸಲ ಬೇಕಾಗೋ ಏರೇಟರ್ (ಗಾಳಿ ಆಡ್ಲಿ ಅಂತ ಲಾನ್ ಮಣ್ಣಲ್ಲಿ ತೂತು ಮಾಡೋ ಸಾಧನ) ಅಂಥದ್ದನ್ನ ಬಾಡಿಗೆಗೆ ತಂದ್ರೆ ಸಾಕು, ಇಡೋ ಜಾಗಾನೂ ಉಳಿಯತ್ತೆ.