ಗಾಳಿ ಬಂದಾಗ ಮಿಣುಕುವ ಅಂಗಳದ ಲೈಟ್: ನನ್ನ ಅನುಭವ

ಹೊರಗಿನ ಲೈಟ್ ಕೆಟ್ಟಿದೆ ಅಂತ ಯಾರಾದರೂ ಕರೆದರೆ ನಾನು ಮೊದಲು ಏಣಿ ಹಾಕುವುದಿಲ್ಲ. ಹೇಗೆ ಕೆಡುತ್ತಿದೆ ಅಂತ ಮನೆಯವರನ್ನು ಕೇಳುತ್ತೇನೆ. ಪೂರ್ತಿ ಆರಿದೆಯಾ? ಹಗಲಲ್ಲೂ ಉರಿಯುತ್ತಾ? ಹತ್ತಿ ಹತ್ತಿ ಆರುತ್ತಾ? ಮಳೆ ಬಂದಾಗ ಮಾತ್ರ ಹೀಗಾ? ವಿಜಯಪುರದ ಸುತ್ತಮುತ್ತ ವೈರಿಂಗ್ ಕೆಲಸ ಮಾಡುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಲೈಟ್ ಕೆಡುವ ರೀತಿಯಲ್ಲೇ ಅರ್ಧ ಉತ್ತರ ಸಿಗುತ್ತದೆ. ಅದನ್ನು ನೋಡದೆ ಹೊಸ ಫಿಟಿಂಗ್ ತಂದು ಹಾಕಿದರೆ ದುಡ್ಡು ದಂಡ.

ತಿಕೋಟಾ ಕಡೆಯ ಒಂದು ತೋಟದ ಮನೆಯಲ್ಲಿ ಆಗಿದ್ದೂ ಅದೇ. ದ್ರಾಕ್ಷಿ ಬೆಳೆಯುವವರು. ಮನೆ ಮುಂದೆ ದೊಡ್ಡ ಅಂಗಳ, ಅದರಾಚೆ ಒಣದ್ರಾಕ್ಷಿ ಶೆಡ್. ನಡುವೆ ಕಬ್ಬಿಣದ ಕಂಬ. ಅದರ ಮೇಲೆ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್, ಪಕ್ಕದಲ್ಲಿ ಕತ್ತಲಾದರೆ ತಾನೇ ಲೈಟ್ ಹಚ್ಚುವ ಸೆನ್ಸರ್. ಸೀಸನ್ ಬಂತೆಂದರೆ ಅಲ್ಲಿ ರಾತ್ರಿವರೆಗೂ ಕೆಲಸ. ಹೆಣ್ಣುಮಕ್ಕಳು ದ್ರಾಕ್ಷಿ ಹೊತ್ತು ಓಡಾಡುತ್ತಾರೆ. ಹಾವು, ಚೇಳು ಇರುವ ಜಾಗ. ಅಲ್ಲಿ ಲೈಟ್ ನಂಬಿಕೆಯದಾಗಿರಬೇಕು.

"ತಮ್ಮಾ, ಹಳೇದು ಕೆಟ್ಟಿತಂತ ಹೊಸಾದು ಹಾಕೇವಿ. ಇದೂ ಹಂಗ ಮಾಡಾಕತ್ತೈತಿ ನೋಡು" ಅಂದರು ಮನೆಯ ಕಾಕಾ. ಕಟ್ಟೆ ಮೇಲೆ ಕೂತಿದ್ದ ಆಯಿ ಅಲ್ಲಿಂದಲೇ ಒಂದು ಮಾತು ಸೇರಿಸಿದರು: "ಗಾಳಿ ಬಿಟ್ರ ಭಾಳ ಲುಕಲುಕ ಅಂತೈತಪ್ಪಾ." ಇಡೀ ಕೆಲಸಕ್ಕೆ ದಾರಿ ತೋರಿಸಿದ್ದು ಆ ಒಂದು ಮಾತು.

ಯಾಕೆ ಅಂದರೆ, ಬೇರೆ ಬೇರೆ ದೋಷಕ್ಕೆ ಲೈಟ್ ಬೇರೆ ಬೇರೆ ಥರ ಆಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರಿದರೆ, ಸೆನ್ಸರ್ ತನ್ನದೇ ಲೈಟಿನ ಬೆಳಕನ್ನು ನೋಡಿ ಬೆಳಗಾಯಿತು ಅಂತ ಆರಿಸುತ್ತಿರಬಹುದು. ಎದುರಿನ ಬಿಳಿ ಗೋಡೆಯಿಂದ ಬೆಳಕು ವಾಪಸ್ ಬಂದರೂ ಸಾಕು. ಹತ್ತಿ ಸ್ವಲ್ಪ ಹೊತ್ತು ಚೆನ್ನಾಗಿ ಉರಿದು, ಆರಿ, ತಣ್ಣಗಾದ ಮೇಲೆ ಮತ್ತೆ ಹತ್ತಿದರೆ ಒಳಗಿನ ಡ್ರೈವರ್ (ಮನೆ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಭಾಗ) ಬಿಸಿಯಾಗುತ್ತಿದೆ. ಹಗಲಲ್ಲೂ ಉರಿದರೆ ಸೆನ್ಸರ್ ಮೇಲೆ ಧೂಳು, ಜೇಡರ ಬಲೆ ಇದೆಯಾ ನೋಡಿ, ಇಲ್ಲದಿದ್ದರೆ ಸೆನ್ಸರ್ ಹೋಗಿದೆ. ಮಳೆಯಲ್ಲಿ ಮಾತ್ರ ಟ್ರಿಪ್ ಆದರೆ ಎಲ್ಲೋ ನೀರು ಇಳಿದಿದೆ. ಗಾಳಿಗೆ ಮಿಣುಕಿದರೆ ಮಾತ್ರ ಅದು ಸಡಿಲ ಜಾಯಿಂಟ್. ಗಾಳಿ ಅಲುಗಿಸುವುದು ವೈರನ್ನು, ಕಂಬವನ್ನು. ಸೆನ್ಸರಿನ ಒಳಗಿನ ಭಾಗವನ್ನಲ್ಲ.

ಆದರೂ ಸೆನ್ಸರನ್ನು ಪೂರ್ತಿ ಪಕ್ಕಕ್ಕಿಡಲು ಒಂದು ಪರೀಕ್ಷೆ ಮಾಡಿದೆ. ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ಚನ್ನು, ಅಂದರೆ ಎಂಸಿಬಿಯನ್ನು ಕೆಳಗೆ ಮಾಡಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೆಲ್ಲ ಹೇಳಿದೆ. ಹಗಲಲ್ಲಿ ಲೈಟ್ ಆರಿದೆ ಅಂದಮಾತ್ರಕ್ಕೆ ಕಂಬದಲ್ಲಿ ಕರೆಂಟ್ ಇಲ್ಲ ಅಂತಲ್ಲ, ಸೆನ್ಸರ್ ತನಕ ಫೇಸ್ (ಕರೆಂಟ್ ತರುವ ವೈರ್) ಬಂದೇ ಇರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆಮೇಲೆ ಸೆನ್ಸರಿನ ವೈರ್ ಬಿಚ್ಚಿ, ಫೇಸನ್ನು ನೇರವಾಗಿ ಲೈಟಿಗೆ ಕೊಟ್ಟೆ. ಇಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಮನೆ ವೈರಿಂಗ್‌ನಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ಕರೆಂಟ್ ವಾಪಸ್ ಹೋಗುವ ವೈರ್. ಅಂಗಡಿಯಲ್ಲಿ ಸಿಗುವ ಎಷ್ಟೋ ಸೆನ್ಸರ್‌ಗಳಲ್ಲಿ ಕಪ್ಪು ವೈರಿಗೆ ಫೇಸ್ ಕೊಡಬೇಕು, ಬಿಳಿ ನ್ಯೂಟ್ರಲ್, ಕೆಂಪು ಲೈಟಿಗೆ ಹೋಗುತ್ತದೆ. ಮೈಮೇಲಿನ ಸ್ಟಿಕ್ಕರ್ ಓದಿಯೇ ಕೈ ಹಾಕಿ.

ಎಂಸಿಬಿ ಮೇಲೆ ಮಾಡಿದೆ, ಲೈಟ್ ಹತ್ತಿತು. ಕಂಬಕ್ಕೆ ಟೆಸ್ಟರ್ ಹಿಡಿದು ಅದರಲ್ಲಿ ಕರೆಂಟ್ ಇಳಿದಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ, ಒಣ ಬಿದಿರಿನ ಕೋಲಿನಿಂದ ಅದನ್ನು ಮೆಲ್ಲಗೆ ತಳ್ಳಿದೆ. ಲೈಟ್ ಲುಕಲುಕ ಅಂದಿತು. ಸೆನ್ಸರ್ ಇಲ್ಲದೆಯೂ ಮಿಣುಕಿದ್ದರಿಂದ ದೋಷ ಸೆನ್ಸರಿನದಲ್ಲ ಅಂತಾಯಿತು. ಪೂರ್ತಿ ಆರಿದ ಹೊತ್ತಲ್ಲಿ ಲೈಟಿನ ಕನೆಕ್ಟರ್‌ಗೆ ಟೆಸ್ಟರ್ ಹಿಡಿದರೆ ಎರಡೂ ವೈರಿನಲ್ಲಿ ಟೆಸ್ಟರ್ ಉರಿಯಿತು. ಕೆಂಪಲ್ಲೂ, ಕಪ್ಪಲ್ಲೂ. ನ್ಯೂಟ್ರಲ್ ಎಲ್ಲೋ ಕಡಿದಾಗ ಹೀಗಾಗುತ್ತದೆ. ಫೇಸ್ ಲೈಟಿನ ಒಳಗಿನಿಂದ ಹಾದು ಕಪ್ಪು ವೈರಿಗೆ ಬಂದು ನಿಂತಿರುತ್ತದೆ. ಕಪ್ಪು ವೈರ್ ತಾನೇ, ಏನಾಗಲ್ಲ ಅಂತ ಸುಮ್ನೆ ಮುಟ್ಟಿದವನಿಗೆ ಅಲ್ಲೇ ಶಾಕ್.

ಆದರೆ ಟೆಸ್ಟರ್ ಒಂದನ್ನೇ ನಂಬಿ ಅಂಗಳ ಅಗೆಯಲು ನನಗೆ ಮನಸ್ಸಿರಲಿಲ್ಲ. ಮಲ್ಟಿಮೀಟರ್ ಹಾಕಿದೆ. ಲೈಟ್ ಬಿಚ್ಚಿ ಬರೀ ವೈರಿಗೆ ಹಿಡಿದರೆ 228 ವೋಲ್ಟ್, ಎಲ್ಲ ಸರಿ ಇದ್ದಂತೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಸಡಿಲ ಜಾಯಿಂಟಿನ ದೋಷ ಅದರಲ್ಲಿ ಕಾಣುವುದಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಹೋಲ್ಡರ್, ಹಳೇ 100 ವ್ಯಾಟಿನ ತಂತಿ ಬಲ್ಬ್ ಇರುತ್ತದೆ. ಅದನ್ನು ಲೈಟಿನ ಜಾಗಕ್ಕೆ ಸಿಕ್ಕಿಸಿ ಮತ್ತೆ ಅಳೆದೆ. ಅಷ್ಟು ಸಣ್ಣ ಲೋಡಿಗೆ ಒಂದೆರಡು ವೋಲ್ಟಿಗಿಂತ ಜಾಸ್ತಿ ಇಳಿಯಬಾರದು. ಇಲ್ಲಿ 150ರ ಆಸುಪಾಸಿಗೆ ಬಿದ್ದು ಓಲಾಡುತ್ತಿತ್ತು. ಬಲ್ಬ್ ಕೆಂಪಗೆ ಮಂಕಾಗಿ ಉರಿಯುತ್ತಿತ್ತು. ಫೇಸಿಗೂ ಅರ್ತಿಂಗಿಗೂ ಅಳೆದರೆ 228 ಹಾಗೇ ಇದೆ. ನ್ಯೂಟ್ರಲ್‌ಗೂ ಅರ್ತಿಂಗಿಗೂ ಅಳೆದರೆ 80ರ ಹತ್ತಿರ. ಅದು ಸೊನ್ನೆಯ ಪಕ್ಕದಲ್ಲಿರಬೇಕು. ನ್ಯೂಟ್ರಲ್ ದಾರಿಯಲ್ಲೇ ದೋಷ ಅಂತ ಈಗ ಅನುಮಾನವೇ ಉಳಿಯಲಿಲ್ಲ.

"ಕಾಕಾ, ಮನಿಯಿಂದ ಬಂದ ಕೇಬಲ್ ಕಂಬಕ್ಕ ಎಲ್ಲಿ ಜೋಡಿಸ್ಯಾರ್ರೀ?"

"ಬುಡದಾಗ ಮಣ್ಣಾಗೈತಿ. ಟೇಪ್ ಸುತ್ತಿ ಮುಚ್ಚ್ಯಾರ."

ಎಂಸಿಬಿ ಮತ್ತೆ ಕೆಳಗೆ ಮಾಡಿ, ಬುಡ ಅಗೆದೆವು. ಅದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪ್ರತಿ ವರ್ಷ ಹೀಗೆ ಆಡುವಾಗ ಕಂಬ ಒಂದು ಕಡೆ, ಕೇಬಲ್ ಬರುವ ಪೈಪ್ ಇನ್ನೊಂದು ಕಡೆ ಸರಿದಿದ್ದವು. ಒಳಗಿನ ಕೇಬಲ್ಲಿಗೆ ಒಂಚೂರೂ ಸಡಿಲು ಬಿಟ್ಟಿರಲಿಲ್ಲ. ಎಳೆತವೆಲ್ಲ ಜಾಯಿಂಟ್ ಮೇಲೆ ಬಿದ್ದಿತ್ತು. ಟೇಪ್ ಬಿಡಿಸಿದರೆ ಒಳಗೆ ತೇವ. ಅಲ್ಯುಮಿನಿಯಂ ಕೇಬಲ್ಲಿಗೆ ತಾಮ್ರದ ವೈರನ್ನು ಬರೀ ತಿರುಚಿ ಬಿಟ್ಟಿದ್ದರು. ಅಲ್ಯುಮಿನಿಯಂ ಮೇಲೆ ಸುಣ್ಣದಂಥ ಬಿಳಿ ಪುಡಿ, ತಾಮ್ರ ಹಸಿರಾಗಿ ಕೆಲವು ಎಳೆ ಕಪ್ಪಾಗಿ ಸುಟ್ಟಿವೆ. ನ್ಯೂಟ್ರಲ್ ಜಾಯಿಂಟ್ ಬೆರಳಲ್ಲಿ ಹಿಡಿದರೆ ಸುಮ್ನೆ ತಿರುಗುತ್ತಿತ್ತು. ಫೇಸ್ ವೈರ್ ಸ್ವಲ್ಪ ಉದ್ದ ಇದ್ದದ್ದರಿಂದ ಅದು ಇನ್ನೂ ಬಿಗಿಯಾಗಿತ್ತು.

ಅಲ್ಯುಮಿನಿಯಂ ಮತ್ತು ತಾಮ್ರ ನೇರವಾಗಿ ತಾಗಿ, ಅಲ್ಲಿಗೆ ತೇವ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ಮೇಲೆ ಕೂರುವ ಬಿಳಿ ಪದರ ಕರೆಂಟ್ ಬಿಡುವುದಿಲ್ಲ. ಎಷ್ಟು ಒಳ್ಳೆಯ ಟೇಪ್ ಸುತ್ತಿದರೂ ಇದು ನಿಲ್ಲದು. ಹಾಗಾಗಿ ಎರಡೂ ವೈರನ್ನು ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ, ಎರಡು ಲೋಹ ಸೇರಿಸಲೆಂದೇ ಇರುವ ಬೈಮೆಟಲ್ ಕನೆಕ್ಟರ್ ಹಾಕಿ, ಇಕ್ಕಳದಿಂದ ಒತ್ತಿ ಬಿಗಿದೆ (ಕ್ರಿಂಪ್). ಮನೆ ಕಡೆಯಿಂದ ಕೇಬಲ್ಲನ್ನು ಸ್ವಲ್ಪ ಎಳೆದುಕೊಂಡು ಜಾಯಿಂಟನ್ನು ಮಣ್ಣಿನಿಂದ ಮೇಲೆತ್ತಿ, ಸೊಂಟದ ಎತ್ತರಕ್ಕೆ ಕಂಬದ ಮೇಲೆ ಧೂಳು, ನೀರು ಒಳಹೋಗದ ಐಪಿ 65ರ ಬಾಕ್ಸ್ ಕೂರಿಸಿದೆ. ಕೇಬಲ್ ಒಳಹೋಗುವ ಬಿಗಿ ಬಾಯಿ (ಗ್ಲ್ಯಾಂಡ್) ಕೆಳಮುಖ, ಮಳೆನೀರು ಒಳಗೆ ಇಳಿಯಬಾರದು. ಬುಡದಲ್ಲಿ ಕೇಬಲ್ ಒಂದು ಸುತ್ತು ಸಡಿಲ ಬಿಟ್ಟು, ಸುತ್ತ ಮರಳು ತುಂಬಿದೆ. ಎರೆಮಣ್ಣು ಎಷ್ಟೇ ಸರಿದರೂ ಈಗ ಎಳೆತ ಜಾಯಿಂಟಿಗೆ ಹೋಗುವುದಿಲ್ಲ. ನಮ್ಮ ಕಡೆ ನೆಲದಲ್ಲಿ ಕೇಬಲ್ ಹಾಕುವವರೆಲ್ಲ ಈ ಒಂದು ಸುತ್ತನ್ನು ಬಿಡಲೇಬೇಕು ಅಂತ ನನ್ನ ಆಗ್ರಹ.

ಅದೇ ಬಲ್ಬ್ ಹಾಕಿ ಮತ್ತೆ ಅಳೆದೆ: 227. ಕೋಲಿನಿಂದ ಕಂಬ ತಳ್ಳಿದರೂ ಮೀಟರಿನ ಅಂಕಿ ಅಲ್ಲಾಡಲಿಲ್ಲ. ಸೆನ್ಸರ್ ವಾಪಸ್ ಜೋಡಿಸಿ, ಅದರ ಕಣ್ಣಿಗೆ ಕಪ್ಪು ಟೇಪ್ ಅಂಟಿಸಿ ಕಾದೆ. ಇದು ತಕ್ಷಣ ಹತ್ತುವುದಿಲ್ಲ. ಯಾವುದೋ ನೆರಳಿಗೆ, ಗಾಡಿ ಬೆಳಕಿಗೆ ಮೋಸ ಹೋಗದಿರಲಿ ಅಂತ ಸ್ವಲ್ಪ ತಡ ಇಟ್ಟಿರುತ್ತಾರೆ. ಹತ್ತಿತು, ಟೇಪ್ ತೆಗೆದೆ, ಆರಿತು. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲಿಲ್ಲ. ಅದನ್ನೂ ಹಾಕಿಸಿದೆ. ಅಂಗಳದಲ್ಲಿ ಮಕ್ಕಳು, ದನ ಓಡಾಡುವ ಕಡೆ ಕಬ್ಬಿಣದ ಕಂಬಕ್ಕೆ ಅರ್ತಿಂಗ್ ಜೊತೆ ಇದೂ ಬೇಕೇ ಬೇಕು.

ಮೂಲೆಯಲ್ಲಿ ಬಿದ್ದಿದ್ದ ಹಳೇ ಫ್ಲಡ್‌ಲೈಟನ್ನು ಬಿಚ್ಚಿ ನೋಡಿದೆ. ಡ್ರೈವರಿನ ಕೆಪಾಸಿಟರ್ ತಲೆ ಉಬ್ಬಿತ್ತು, ಎಲ್‌ಇಡಿ ಚೆನ್ನಾಗೇ ಇತ್ತು. ಜಾಯಿಂಟಿನ ಕಿಡಿಗೆ ಕರೆಂಟ್ ಹೋಗಿ ಬಂದು ಮಾಡಿದ್ದೇ ಆ ಡ್ರೈವರನ್ನು ಕೊಂದಿರಬೇಕು. ಬೇರೆ ಡ್ರೈವರ್ ಹಾಕುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಹಳೇ ಡ್ರೈವರಿನ ಮೇಲೆ ಬರೆದ ಔಟ್‌ಪುಟ್ ಮಿಲಿಆಂಪ್, ವೋಲ್ಟ್ ಎರಡೂ ಹೊಂದಬೇಕು. ಡ್ರೈವರ್ ಬೇರೆ ಇರದೆ ಎಲ್‌ಇಡಿ ಪ್ಲೇಟಿನ ಮೇಲೇ ಕೂತಿರುವ ಅಗ್ಗದ ಲೈಟ್ ಆದರೆ ರಿಪೇರಿ ಗಿಟ್ಟುವುದಿಲ್ಲ. ಕಾಕಾ ಅವರದು ಬೇರೆ ಡ್ರೈವರಿನದು. ಹೊಸ ಡ್ರೈವರ್ ಹಾಕಿ ಶೆಡ್ಡಿನ ಬಾಗಿಲ ಮೇಲೆ ಕೂರಿಸಿ ಬಂದೆ.