ಅಜ್ಜನ ಕೊರಡು ಮತ್ತೆ ರಾಗಿ ಹೊಲಕ್ಕಿಳಿಯಿತು

ಉದ್ದ ಅಡ್ಡ ಸಾಲು ಕೂಡುವಲ್ಲಿ ಗುಳಿ ಮಾಡಿ ರಾಗಿ ಸಸಿ ನೆಡುವ ಗುಳಿ ರಾಗಿ ನಮ್ಮ ಹಾವೇರಿ ಸೀಮೆಯ ರೈತರೇ ಕಂಡುಕೊಂಡ ಪದ್ಧತಿ, ಹೊರಗಿನವರು ಬಂದು ಕಲಿಸಿದ್ದಲ್ಲ. ಆದರೂ 2023ರಲ್ಲಿ, ಅಜ್ಜನ ಮಸಾರಿ ಹೊಲದಾಗ ಒಂದು ಎಕರೆ ಗೋವಿನಜೋಳ ಬಿಟ್ಟು ಗುಳಿ ರಾಗಿ ಮಾಡುತ್ತೇನೆ ಅಂದಾಗ ಊರಲ್ಲಿ ಹೂಂ ಅಂದವರು ಒಬ್ಬರೂ ಇಲ್ಲ. ಮಗ್ಗುಲ ಹೊಲದ ಕಾಕಾ ಅಂತೂ, “ತಮ್ಮಾ, ನಿಮ್ಮಜ್ಜನ ರಟ್ಟಿ ಬ್ಯಾರೆ, ನಿನ್ನ ರಟ್ಟಿ ಬ್ಯಾರೆ. ಅದು ನಿನಗ ನೀಗೂ ಕೆಲಸ ಅಲ್ಲ” ಅಂದುಬಿಟ್ಟರು. ಮರುವರ್ಷ ಎಕರೆಗೆ 16 ಕ್ವಿಂಟಲ್ ಹತ್ತಿರ ತೆಗೆದೆ. ನಮ್ಮ ಕಡೆ ಕೂರಿಗೆಯಿಂದ ಬೀಜ ಬಿತ್ತಿದ ರಾಗಿಯಲ್ಲಿ 8 ಬಂದರೆ ಚಲೋ ಬೆಳೆ ಅನ್ನುತ್ತೇವೆ.

ಅಜ್ಜನ ರಟ್ಟೆಯ ಮಾತು ಸುಳ್ಳಲ್ಲ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಅವತ್ತು ಬಿಡುವು ಎತ್ತಿಗೆ ಮಾತ್ರ. ಅಜ್ಜ ಕುರ್ಚಿಗಿ ಹಿಡಿದು ಬದುವಿನ ಕರಿಕೆ ಕೀಳುತ್ತಾ ಕೂಡುತ್ತಿದ್ದ, ಬೇರು ಸಮೇತ ಬಂದರೇ ಅವನಿಗೆ ಸಮಾಧಾನ. ಅರ್ಧಕ್ಕೆ ಹರಿದ ಕರಿಕೆ ನೋಡಿದರೆ ನಾನು ಕಿತ್ತದ್ದು ಅಂತ ಗುರುತಿಸಿ ಮತ್ತೆ ಅಲ್ಲೇ ಕೂರಿಸುತ್ತಿದ್ದ. ಬೈದದ್ದು ನೆನಪಿಲ್ಲ. ಪಕ್ಕದಲ್ಲಿ ಕೂತು ತಾನೂ ಕೀಳುತ್ತಿದ್ದ. ಅಂಥವನ ಕೆಲಸವನ್ನು ಹೊಲದಲ್ಲೇ ನೆನೆಯಬೇಕು ಅಂತ ನನಗೆ ಬಹಳ ವರ್ಷದಿಂದ ಇತ್ತು. ಗೋಡೆಯ ಮೇಲಿನ ಫೋಟೋಕ್ಕೆ ಹಾರ ಹಾಕಿ ಅದು ತೀರುವಂಥದ್ದಲ್ಲ.

ಸಸಿ ಮಡಿ ಮಾಡುವುದು, ಉದ್ದ ಅಡ್ಡ ಸಾಲು ಹೊಡೆಯುವುದು, ಗುಳಿಗೆ ಬೊಗಸೆ ತಿಪ್ಪೆಗೊಬ್ಬರ, ಎರಡೆರಡು ಸಸಿ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ: ಇದೆಲ್ಲ ರಾಗಿ ಮಾಡಿದವರಿಗೆ ಗೊತ್ತಿರುವುದೇ. ಅಜ್ಜನ ಅಂತರ ಒಂದು ಮೊಳ, ಅಂದರೆ ಒಂದೂವರೆ ಅಡಿ. ಆ ಲೆಕ್ಕಕ್ಕೆ ಎಕರೆಗೆ 19 ಸಾವಿರದ ಮೇಲೆ ಗುಳಿ ಬೀಳುತ್ತವೆ. ಬೀಜ ಅರ್ಧ ಕಿಲೋ ಸಾಕು, ಕೂರಿಗೆಗಾದರೆ 4-5 ಕಿಲೋ ಬೇಕು. ಅಜ್ಜನ ತಳಿ ಮನೆಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಜಿಪಿಯು-28 ಹಾಕಿದೆ, ಬೆಂಕಿ ರೋಗಕ್ಕೆ ಅದು ಗಟ್ಟಿ.

2023 ನೆಲ ಕಚ್ಚಿಸಿತು. ಮೃಗಶಿರಾ ಕೈಕೊಟ್ಟಿತು, ಆರಿದ್ರಾ ಮುಖ ತೋರಿಸಿ ಹೋಯಿತು. 20-25 ದಿನದ ಸಸಿ ಕೀಳಬೇಕಾದದ್ದು ಮಡಿಯಲ್ಲೇ 40 ದಿನ ದಾಟಿ ಗೆಣ್ಣು ಬಿಟ್ಟಿತು. ಜುಲೈ ಕೊನೆಗೆ ಮಳೆ ಹಿಡಿದಾಗ ನಾಟಿ ಮಾಡಿದ್ದಾಯಿತು, ಆದರೆ ಆಗಸ್ಟ್ ಪೂರ್ತಿ ಒಣಗಿಹೋಯಿತು. ಮೂರು ಕ್ವಿಂಟಲ್ ಬಂತೋ ಇಲ್ಲವೋ. ಕೈಯಿಂದ 15-16 ಸಾವಿರ ಹೋಯಿತು. ಆ ವರ್ಷ ಗೋವಿನಜೋಳದವರದ್ದೂ ಅದೇ ಪಾಡು. ಆದರೆ ಅವರನ್ನು ಯಾರೂ ಕೇಳಲಿಲ್ಲ, ನನ್ನನ್ನು ಎಲ್ಲರೂ ಕೇಳಿದರು.

ಮಳೆಗಿಂತ ಹೆಚ್ಚು ಕಾಡಿದ್ದು ಕೊರಡು, ಎತ್ತಿಗೆ ಕಟ್ಟಿ ಎಳೆಯುವ ಮರದ ದಿಮ್ಮಿ. ಗುಳಿ ರಾಗಿಯ ಜೀವ ಇರುವುದೇ ಅದರಲ್ಲಿ. ನಾಟಿಯಾಗಿ 15 ದಿನದಿಂದ 45 ದಿನದೊಳಗೆ, ಸಸಿಗಳ ಮೇಲೆ ಕೊರಡು ಎಳೆದು ಮಲಗಿಸಬೇಕು. ಒಮ್ಮೆ ಮೂಡಲಕ್ಕೆ, ಇನ್ನೊಮ್ಮೆ ಬಡಗಲಿಗೆ, ಹೀಗೆ ದಿಕ್ಕು ಬದಲಿಸಿ. ಬಾಗಿ ಎದ್ದ ಸಸಿ ಬುಡದಲ್ಲಿ ತೆಂಡೆ, ಅಂದರೆ ಮರಿಕಾಂಡ, ಒಡೆಯುತ್ತದೆ, ಬೇರು ಬಿಗಿಯುತ್ತದೆ. ಅಜ್ಜನ ಜಾಲಿ ಕೊರಡು ಕೊಟ್ಟಿಗೆಯಲ್ಲಿ ಇನ್ನೂ ಇತ್ತು. ಎರಡು ತುದಿಗೆ ಕಬ್ಬಿಣದ ಬಳೆ, ಹೊಟ್ಟೆಯ ಭಾಗ ಮಣ್ಣಿಗೆ ತಿಕ್ಕಿ ಕನ್ನಡಿಯಂತೆ ನುಣುಪು. ಅದನ್ನೇ ಹೂಡಿದರೆ ಬರೀ ಕುಣಿಯಿತು. ಒಂದು ಸಸಿ ಬಾಗಿತು, ಮುಂದಿನ ನಾಲ್ಕು ಹಾಗೇ ನಿಂತವು. ಆಳು ಹತ್ತಿ ನಿಂತರೆ ಸಸಿ ಬುಡ ಸಮೇತ ಕಿತ್ತು ಬಂತು. ಎತ್ತಿನವನು, “ಮರ ಒಣಗಿ ಹಗರ ಆಗೇತ್ರೀ, ಹೊಸಾದು ಕೆತ್ತಿಸ್ರಿ” ಅಂದ. ಅದಕ್ಕೂ 2 ಸಾವಿರದಷ್ಟು ಸುರಿದೆ. ಹೊಸದೂ ಕುಣಿಯಿತು.

ಉಪಾಯ ಸಿಕ್ಕಿದ್ದು ಅತ್ತೆಯ ಬಾಯಿಂದ, ಅಪ್ಪನ ತಂಗಿ. “ಬರೀ ಕೊರಡು ಯಾವಾಗ ಎಳದಾನ ನಿಮ್ಮಜ್ಜ? ನಿನ್ನ ಮ್ಯಾಲ ಕುಂಡರಿಸಿಕೊಂಡ ಎಳೀತಿದ್ದ, ನಿನಕಿಂತ ಮೊದಲ ನನ್ನ” ಅಂದಳು. ನಾನು ಅದನ್ನು ಸವಾರಿ ಅಂತಲೇ ತಿಳಿದಿದ್ದೆ. ಏಳೆಂಟು ವರ್ಷದ ಹುಡುಗ, ಎರಡೂ ಕೈಲಿ ಹಗ್ಗ ಹಿಡಿದು, ಹಿಂದೆ ಅಜ್ಜನ “ಹೋ ಹೋ” ದನಿ ಕೇಳುತ್ತಾ ಹೊಲ ಸುತ್ತುವುದೆಂದರೆ ನನಗೆ ಜಾತ್ರೆಯ ತೇರಿಗಿಂತ ಹೆಚ್ಚು. ಅಜ್ಜ ನನ್ನನ್ನು ಖುಷಿಪಡಿಸಿದ್ದೂ ಹೌದು, ರಾಗಿಗೆ ತೂಕ ಕೊಟ್ಟದ್ದೂ ಹೌದು. ಆ ವಯಸ್ಸಿನ ಮಗುವೆಂದರೆ ಇಪ್ಪತ್ತು ಕಿಲೋದ ಆಸುಪಾಸು. ಅಷ್ಟೇ ತೂಕದ ಮಣ್ಣಿನ ಚೀಲ ಹಳೆಯ ಕೊರಡಿನ ನಡುವೆ ಬಿಗಿದೆ. 2024ರಲ್ಲಿ ಕೊರಡು ಕುಣಿಯಲಿಲ್ಲ. ಸಸಿ ಮಲಗಿದವು, ಎರಡು ಮೂರು ದಿನಕ್ಕೆ ತಲೆ ಎತ್ತಿದವು.

ಅಜ್ಜ ಬೆಳಗ್ಗೆ ಕೊರಡು ಹೊಡೆಯಲು ಬಿಡುತ್ತಿರಲಿಲ್ಲ, ಬಿಸಿಲೇರಿ ಎಲೆ ಜೋತ ಮೇಲೆಯೇ. ಒಂದು ಸಾಲು ಬೇಕಂತಲೇ ಬೆಳಗ್ಗೆ ಹೊಡೆದು ನೋಡಿದೆ. ನೀರು ತುಂಬಿದ ಕಾಂಡ ಚಟಚಟ ಮುರಿಯಿತು. ಇನ್ನು ಎತ್ತಿನ ನೊಗದಿಂದ ಕೊರಡಿಗೆ ಹಗ್ಗ ಎಷ್ಟು ಉದ್ದ ಬಿಡಬೇಕು, ಮಡಿಗೆ ಬೂದಿಯ ಜೊತೆ ಏನು ಬೆರೆಸಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮನೆಯ ವಿದ್ಯೆ. ಪುನರ್ವಸು ಮಳೆಯ ಹೊತ್ತಿಗೆ ಹೊಲಕ್ಕೆ ಬಂದು ಕೈಜೋಡಿಸಿದವರಿಗೆ ತೋರಿಸುತ್ತೇನೆ.

ಒಳ್ಳೆ ಗುಳಿಗಳಲ್ಲಿ 40ರವರೆಗೆ ತೆಂಡೆ ಎಣಿಸಿದ್ದೇನೆ. ಬದುವಿನ ನೆರಳಿಗೆ ಸಿಕ್ಕ ಕಡೆ 15 ದಾಟಲಿಲ್ಲ. ಇದೇ ಹುರುಪಿನಲ್ಲಿ ನಾಲ್ಕಾರು ಗುಂಟೆ ನವಣೆಯನ್ನೂ ಗುಳಿಯಲ್ಲಿ ಹಾಕಿ ಕೊರಡು ಹೊಡೆದೆ. ಅದು ರಾಗಿಯಂತೆ ತೆಂಡೆ ಒಡೆಯುವ ಬೆಳೆಯಲ್ಲ, ಮಲಗಿದ್ದು ಮಲಗೇ ಇತ್ತು. ಪವರ್ ಟಿಲ್ಲರ್‌ಗೆ ಕೊರಡು ಕಟ್ಟಿಯೂ ನೋಡಿದೆ. ಎಳೆಯುವುದೇನೋ ಎಳೆಯಿತು, ಆದರೆ ಮುಂದೆ ಗಾಲಿ ತುಳಿದ ಸಾಲು ಏಳಲಿಲ್ಲ. ಫಲ ಕೊಟ್ಟದ್ದು ಅಕ್ಕಡಿ: ಹತ್ತು ಸಾಲಿಗೊಂದು ತೊಗರಿ, ಅಲ್ಲಲ್ಲಿ ಅವರೆ. ತೊಗರಿ ಸಾಲಿನ ಹತ್ತಿರ ಕೊರಡು ತಿರುಗಿಸುವುದು ಕಷ್ಟ. ಅದನ್ನು ಈ ಸಲ ಹೊಲದ ಅಂಚಿಗೆ ಸರಿಸುತ್ತೇನೆ.

ದುಡ್ಡಿನ ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ. ಗೊಬ್ಬರ ಹತ್ತು ಸಾವಿರದ ಹತ್ತಿರ. ನಾಟಿಗೆ 4 ಸಾವಿರ ಚಿಲ್ಲರೆ. ಸಾಲು, ಎಡೆಕುಂಟೆ, ಕೊರಡು ಎಲ್ಲಕ್ಕೂ ಎತ್ತಿನ ಬಾಡಿಗೆ ಮತ್ತೊಂದು ಹತ್ತು ಸಾವಿರ. ಕೊಯ್ಲು, ರಾಶಿ ಸೇರಿ 6 ಸಾವಿರ. ಒಟ್ಟು 30 ಸಾವಿರ ಅಂದುಕೊಳ್ಳಿ. 2024ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4290, ಗೋವಿನಜೋಳದ್ದು 2225. ಮನೆಗೆ ಇಟ್ಟುಕೊಂಡು ಉಳಿದದ್ದನ್ನು ಬಾಗಿಲಿಗೆ ಬಂದವರಿಗೆ 4 ಸಾವಿರದಂತೆ ಕೊಟ್ಟೆ. ಮನೆಗಿಟ್ಟ ರಾಗಿಗೂ ಅದೇ ದರ ಹಿಡಿದರೆ ಖರ್ಚು ಕಳೆದು 34 ಸಾವಿರ ಉಳಿದ ಲೆಕ್ಕ. ಒಂದು ಬಣವೆ ಹುಲ್ಲು ಬೇರೆ, ಗೋವಿನಜೋಳದ ದಂಟನ್ನು ಮೂಸಿ ಬಿಡುವ ನಮ್ಮ ಎಮ್ಮೆ ಇದನ್ನು ಬಿಡಲಿಲ್ಲ.

ಈ ಲೆಕ್ಕದಲ್ಲಿ ನೋವು ಕೊಡುವುದು ಎತ್ತಿನ ಬಾಡಿಗೆ. ಊರಲ್ಲಿ ಈಗ ಉಳಿದ ಜೋಡಿಗಳೇ ಬೆರಳೆಣಿಕೆ, ಹದ ಬಂದ ದಿನವೇ ಅವು ಸಿಗುವುದಿಲ್ಲ. ಇನ್ನೊಂದು ಎಕರೆ ಸೇರಿಸಬೇಕಾದರೆ ಸ್ವಂತ ಜೋಡಿ ಬೇಕೇಬೇಕು. ಲಕ್ಷದ ಮೇಲೆ ಕೇಳುತ್ತಾರೆ, ಎರಡು ಎಕರೆ ರಾಗಿಯಿಂದ ಅದು ಬೇಗ ಹುಟ್ಟುವುದಿಲ್ಲ ಅಂತ ಗೊತ್ತಿದ್ದೂ ತರುತ್ತೇನೆ. ಸಾಧು ಇರುವ, ನಡಿಗೆ ನಿಧಾನದ, ಹಿಂದೆ ಕೊರಡು ಸದ್ದು ಮಾಡಿದರೆ ಬೆದರದ ಜೋಡಿ ಯಾರ ಹತ್ತಿರವಾದರೂ ಇದ್ದರೆ ರೋಹಿಣಿಯೊಳಗೆ ತಿಳಿಸಿ.