ಪಕ್ಕದ ಮನೆಯ ಕ್ಯಾರವಾನ್ ನಿಮ್ಮ ಗೇಟಿಗೆ ಅಡ್ಡ ನಿಂತರೆ

ಹೋದ ವರ್ಷ ಕುವೆಂಪುನಗರದ ನಮ್ಮ ಕ್ರಾಸ್‌ಗೆ ಒಂದು ಕ್ಯಾರವಾನ್ ಬಂತು. ಟೆಂಪೊ ಟ್ರಾವೆಲರ್ ಒಳಗೆ ಹಾಸಿಗೆ, ಸಿಂಕು, ಟಾಯ್ಲೆಟ್ ಎಲ್ಲ ಕೂರಿಸಿದ್ದು. ಮೊದಲ ವಾರ ಬೀದಿಯ ಮಕ್ಕಳೆಲ್ಲ ಹತ್ತಿ ಇಳಿದು ಖುಷಿಪಟ್ಟರು. ಎರಡನೇ ವಾರ ಪಕ್ಕದವರ ಕಾರು ಆಚೆ ಬರಲಿಲ್ಲ. 30x40 ಸೈಟಿನ ಮುಂದೆ 20 ಅಡಿ ಉದ್ದದ ಗಾಡಿ ನಿಂತರೆ ಗೇಟಿಗೆ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ಮೊದಲ ಹೆಜ್ಜೆ ಸ್ವಲ್ಪ ಕಹಿ. ಮನೆ ಮುಂದಿನ ರಸ್ತೆ ನಮ್ಮದಲ್ಲ. ಅಲ್ಲಿ ಬೇರೆಯವರ ಗಾಡಿ ನಿಂತಿದೆ ಅನ್ನುವುದೊಂದೇ ತಪ್ಪಲ್ಲ. ಕಲ್ಲು, ಹೂಕುಂಡ ಇಟ್ಟು ಜಾಗ ಹಿಡಿದುಕೊಳ್ಳುವ ನಮಗೂ ಆ ಹಕ್ಕಿಲ್ಲ. ಹಾಗಾಗಿ ನಿಜವಾಗಿ ಏನು ಅಡ್ಡಿ ಅಂತ ನೋಡಿಕೊಳ್ಳಿ. ಗೇಟು ಮುಚ್ಚಿದೆಯಾ? ಫುಟ್‌ಪಾತ್ ಮೇಲೆ ಹತ್ತಿದೆಯಾ? ತಿರುವಿನಲ್ಲಿ ಎದುರಿನ ಬೈಕು ಕಾಣುತ್ತಿಲ್ಲವಾ? ಕಸದ ಆಟೊ, ಆಂಬುಲೆನ್ಸ್ ನುಗ್ಗಲು ಜಾಗ ಇದೆಯಾ? ಬರೀ ನೋಡಲು ಚೆನ್ನಾಗಿಲ್ಲ ಅನ್ನುವುದಾದರೆ ಸುಮ್ನೆ ಬಿಟ್ಟುಬಿಡಿ.

ಆಮೇಲೆ ಮಾತು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಬೇಡ. ಭಾನುವಾರ ಸಂಜೆ ಹೋಗಿ. ‘ಸಾರ್, ಗಾಡಿ ಚೆನ್ನಾಗಿದೆ. ಒಂದು ನಾಲ್ಕಡಿ ಮುಂದಕ್ಕೆ ತಗೊಂಡ್ರೆ ನಮ್ಮ ಕಾರು ಸಲೀಸಾಗಿ ಬರುತ್ತೆ’ ಅನ್ನಿ. ‘ಇಲ್ಲಿಂದ ತೆಗೀರಿ’ ಅಂದರೆ ಜಗಳ. ‘ನಾಲ್ಕಡಿ’ ಅಂದರೆ ಅವರೂ ಆಚೆ ಬಂದು ಅಳತೆ ನೋಡುತ್ತಾರೆ. ಸಿಂಕಿನ ನೀರು ಮಳೆನೀರಿನ ಚರಂಡಿಗೆ ಬೀಳುತ್ತಿದ್ದರೆ, ರಾತ್ರಿ ಜನರೇಟರ್ ಹಾಕುತ್ತಿದ್ದರೆ ಅದನ್ನೂ ಆಗಲೇ ಹೇಳಿಬಿಡಿ.

ಕೇಳಲಿಲ್ಲವಾ? ಒಂದು ವಾರ ಬೆಳಿಗ್ಗೆ, ಸಂಜೆ ಒಂದೊಂದು ಫೋಟೊ ತೆಗೆದಿಡಿ. ನಂಬರ್ ಪ್ಲೇಟು, ನಿಮ್ಮ ಗೇಟು ಎರಡೂ ಕಾಣಬೇಕು. ಇದಕ್ಕೆ ಕಾರಣವಿದೆ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಜಾಸ್ತಿ ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು, ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಯನ್ನು ಟೋ ಮಾಡಿಸಲು ಸಮವಸ್ತ್ರದಲ್ಲಿರುವ ಪೊಲೀಸರಿಗೆ ಅಧಿಕಾರವಿದೆ. 122ನೇ ಸೆಕ್ಷನ್ ಅಪಾಯ, ಅಡ್ಡಿ ಆಗುವ ಹಾಗೆ ಗಾಡಿ ಬಿಡುವುದರ ಬಗ್ಗೆ. ಗಾಡಿ ವರ್ಷಗಟ್ಟಲೆ ಅಲ್ಲಾಡಿಲ್ಲವೆಂದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದಿದೆಯೇ ನೋಡಬಹುದು.

ದೂರನ್ನು ನಿಮ್ಮ ಬಡಾವಣೆಗೆ ಸೇರಿದ ಸಂಚಾರ ಠಾಣೆಗೆ ಬರೆದು ಕೊಡಿ. ಸ್ವೀಕೃತಿ ಕೇಳಿ ಪಡೆಯಿರಿ. ಒಂದೇ ಪುಟ ಸಾಕು, ಹಳೇ ಜಗಳದ ಪುರಾಣ ಬೇಡ. ಐದಾರು ಮನೆಯವರು ಸಹಿ ಹಾಕಿದರೆ ತೂಕ ಜಾಸ್ತಿ. ಚರಂಡಿ ವಿಷಯ ಮಾತ್ರ ಪಾಲಿಕೆಯ ವಲಯ ಕಚೇರಿಗೆ. ಆಂಬುಲೆನ್ಸೇ ಸಿಕ್ಕಿಕೊಂಡಿದ್ದರೆ ಕಾಗದ ಪತ್ರ ಬಿಟ್ಟು 112ಕ್ಕೆ ಫೋನ್ ಮಾಡಿ.

ಟೈರಿನ ಗಾಳಿ ಬಿಡುವುದು, ಗೀರು ಹಾಕುವುದು ಬೇಡವೇ ಬೇಡ. ಆಗ ಠಾಣೆಯಲ್ಲಿ ಕೂರುವವರು ನೀವು.

ಒಂದು ವಿಷಯ ಮರೆಯಬೇಡಿ. ತೆಗೆದ ಗಾಡಿ ಎಲ್ಲಾದರೂ ನಿಲ್ಲಲೇಬೇಕಲ್ವಾ? ಆ ಜಾಗವನ್ನೂ ನೀವೇ ಹುಡುಕಿಕೊಟ್ಟರೆ ಕೆಲಸ ಬೇಗ ಆಗುತ್ತದೆ. ನಮ್ಮ ಬೀದಿಯ ಕ್ಯಾರವಾನ್ ಈಗ ಎರಡು ಕ್ರಾಸ್ ಆಚೆ ಒಂದು ಖಾಲಿ ಸೈಟಿನಲ್ಲಿದೆ. ಸೈಟಿನವರು ಬಾಡಿಗೆ ಕೇಳಲಿಲ್ಲ, ಪಾರ್ಥೇನಿಯಂ ಬೆಳೆಯದ ಹಾಗೆ ನೋಡಿಕೊಳ್ಳಿ ಅಂದರು. ಈಗ ಭಾನುವಾರ ಬೆಳಿಗ್ಗೆ ಕ್ಯಾರವಾನ್ ಯಜಮಾನರು ಕುಡುಗೋಲು ಹಿಡಿದು ಹೊರಡುತ್ತಾರೆ.